ಸೇತುವೆ ತೆರೆದರೂ ಬಾರದ ಬಸ್ಸು, ಸುತ್ತುದಾರಿಯಲ್ಲಿ ನಡೆಯದ ಪಾಸು

ಗೆ,
ಡಿಪೋ ಮ್ಯಾನೇಜರ್ ಅವರು,
ಬಸ್ ಡಿಪೋ

ವಿಷಯ: ಹೊಳೆ ಬಂದ ದಿನಗಳಲ್ಲಿ ವಿದ್ಯಾರ್ಥಿ ಪಾಸ್ ಇದ್ದರೂ ಟಿಕೆಟ್ ಹಣ ತೆಗೆದುಕೊಂಡಿದ್ದು, ಸೇತುವೆ ತೆರೆದ ಮೇಲೂ ಬಸ್ ಬಿಡದೇ ಇದ್ದದ್ದು.

ಮಾನ್ಯರೇ,

ನಮ್ಮದು ದೂಧಗಂಗಾ ದಂಡೆಯ ಊರು. ಇಲ್ಲಿ ಬಿಸಿಲಿದ್ದರೂ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹೊಡೆದರೆ ಹೊಳೆ ಏರುತ್ತದೆ. ಕಾಳಮ್ಮವಾಡಿ ಡ್ಯಾಮಿನಿಂದ ನೀರು ಬಿಟ್ಟರಂತೂ ಕೇಳುವುದೇ ಬೇಡ. 2019ರ ಆಗಸ್ಟ್‌ನಲ್ಲಿ ಮನೆ ಬಿಟ್ಟು ಎಮ್ಮೆ ಹೊಡೆದುಕೊಂಡು ಹೋದವರು ನಾವು. ಹಾಗಾಗಿ ನೀರಲ್ಲಿ ಬಸ್ ಇಳಿಸಿ ಎಂದು ಯಾರೂ ಕೇಳುತ್ತಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಫೋನ್ ಮಾಡಿದಾಗಲೆಲ್ಲ ನಿಮ್ಮ ಕಂಟ್ರೋಲರ್ "ಜೀವ ಮುಖ್ಯನೋ, ಬಸ್ ಮುಖ್ಯನೋ?" ಎಂದೇ ಕೇಳುತ್ತಾರೆ.

ಈ ಸಲ ಸೇತುವೆ ಮುಳುಗಿದ್ದು ಸೋಮವಾರ ರಾತ್ರಿ. ಬೆಳಿಗ್ಗೆ ಪೊಲೀಸರು ಬ್ಯಾರಿಕೇಡ್ ಇಟ್ಟರು, ಊರವರು ಅದರ ಹಿಂದೆ ಮುಳ್ಳುಕಂಟಿ ಹಾಕಿದರು. ಪಿಯುಸಿ ಓದುವ ನನ್ನ ಮಗ ಪಕ್ಕದ ಊರಿಗೆ ನಡೆದು ಹೋಗಿ ಸುತ್ತುದಾರಿಯ ಬಸ್ ಹತ್ತಿದ. ಕಂಡಕ್ಟರ್ ಪಾಸ್ ಇಸಿದುಕೊಂಡು, ಅದರಲ್ಲಿದ್ದ ಊರುಗಳ ಹೆಸರಿನ ಮೇಲೆ ಬೆರಳಿಟ್ಟು, "ಇದು ಸೇತುವೆ ದಾರಿ ಪಾಸು, ಈ ಕಡೆ ನಡೆಯೋದಿಲ್ಲ" ಎಂದರು. ಪಕ್ಕದಲ್ಲೇ ಕೂತ ಅವನ ಅಕ್ಕನಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ಆಧಾರ್ ತೋರಿಸಿದಳು, ಮುಗಿಯಿತು. ಅವಳಿಗೆ ಸಿಕ್ಕಿದ್ದಕ್ಕೆ ನಮಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಹತ್ತು ತಿಂಗಳ ದುಡ್ಡು ಮೊದಲೇ ಕಟ್ಟಿದ ತಮ್ಮ ದಿನಾ ಟಿಕೆಟ್ ತೆಗೆಸಬೇಕು ಅಂದ್ರೆ ಹೇಗೆ? ದಾರಿ ತಪ್ಪಿಸಿದ್ದು ಹೊಳೆ, ಹುಡುಗ ಅಲ್ಲವಲ್ಲ.

ರಜೆ ಬಿಟ್ಟು 9 ದಿನ, ಹೋಗಿ ಬರಲು 18 ಟಿಕೆಟ್. ಒಂದು ಜೇಬಿನಲ್ಲಿ ನೆನೆದು ಅಕ್ಷರ ಅಳಿಸಿಹೋಗಿದೆ, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಉಳಿದ 17 ಇದರ ಜೊತೆಗಿವೆ.

ಇನ್ನು ಬಸ್ಸಿನ ಮಾತು. ಮರು ಬುಧವಾರ ನೀರು ಇಳಿಯಿತು. ಪಂಚಾಯಿತಿಯವರು ಜೆಸಿಬಿ ತಂದು ರಾಡಿ ತೆಗೆಸಿದರು. ಇಂಜಿನಿಯರ್ ಬಂದು ಸೇತುವೆ ನೋಡಿದರು. ಗುರುವಾರ ಬೆಳಿಗ್ಗೆ ಬ್ಯಾರಿಕೇಡ್ ಹೋಯಿತು. ಹಾಲಿನ ಗಾಡಿ ಬಂತು, ಬಾಡಿಗೆ ಆಟೊ ಟಂಟಂ ಬಂತು, ಇಟ್ಟಿಗೆ ತುಂಬಿದ ಲಾರಿಯೂ ದಾಟಿತು. ರಾತ್ರಿ ಊರಲ್ಲೇ ತಂಗಿ ಬೆಳಿಗ್ಗೆ ಹೊರಡುವ ನಿಮ್ಮ ವಸ್ತಿ ಬಸ್ ಮಾತ್ರ ಐದು ದಿನ ಇತ್ತ ತಲೆಹಾಕಲಿಲ್ಲ. ಡಿಪೋದಲ್ಲಿ ಕೇಳಿದರೆ "ನಮಗೆ ಆದೇಶ ಬಂದಿಲ್ಲ". ತಾಲ್ಲೂಕು ಕಚೇರಿಯಲ್ಲಿ ಕೇಳಿದರೆ "ಗುರುವಾರವೇ ಹೇಳಿದ್ದೇವೆ". ಇಬ್ಬರ ನಡುವೆ ಇರುವುದು ಎರಡು ಫರ್ಲಾಂಗ್ ರಸ್ತೆ, ಅದಕ್ಕಂತೂ ಯಾವ ಹೊಳೆಯೂ ಬಂದಿರಲಿಲ್ಲ. ಅಷ್ಟೂ ದಿನ ಟಂಟಂನವರು ತಲೆಗೆ 40 ರೂಪಾಯಿ ಎಣಿಸಿಕೊಂಡರು.

17 ಟಿಕೆಟ್‌ಗಳ ಹಣ ವಾಪಸ್ ಕೊಡಿ. ಸೇತುವೆ ಮುಳುಗಿದಾಗ ಸುತ್ತುದಾರಿಯಲ್ಲೂ ಪಾಸ್ ನಡೆಯುತ್ತದೆ ಎಂದು ಕಂಡಕ್ಟರುಗಳಿಗೆ ಬರವಣಿಗೆಯಲ್ಲಿ ತಿಳಿಸಿ. ಬಾಯಿಮಾತು ಬೇಡ, ಕಂಡಕ್ಟರ್ ಬದಲಾದರೆ ಮಾತೂ ಬದಲಾಗುತ್ತದೆ. ಬ್ಯಾರಿಕೇಡ್ ತೆಗೆದ ದಿನವೇ ವಸ್ತಿ ಬಸ್ ಬರಲಿ. ಬರುವುದಿಲ್ಲ ಅನ್ನುವುದಾದರೆ ಹಿಂದಿನ ರಾತ್ರಿಯೇ ಪಂಚಾಯಿತಿಗೆ ಒಂದು ಫೋನ್ ಮಾಡಿ. ಮಕ್ಕಳು ಬೆಳಿಗ್ಗೆ ಆರೂವರೆಗೆ ಮಳೆಯಲ್ಲಿ ಸುಮ್ನೆ ನಿಲ್ಲುವುದಾದರೂ ತಪ್ಪುತ್ತದೆ.

ಘಟ್ಟದಲ್ಲಿ ಮಳೆ ಇನ್ನೂ ನಿಂತಿಲ್ಲ. ಹೊಳೆ ಮತ್ತೆ ಏರುವ ಮೊದಲೇ ಉತ್ತರ ಕೊಡಿ, ಅದೂ ಲಿಖಿತವಾಗಿ.

ಇತಿ,
ವಿದ್ಯಾರ್ಥಿಯೊಬ್ಬನ ತಂದೆ

ಲಗತ್ತು: 17 ಟಿಕೆಟ್, ಪಾಸಿನ ಜೆರಾಕ್ಸ್