ನಮ್ಮನ್ನು ನೋಡಿಕೊಂಡವರಿಗೆ

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಕಟ್ಟಿಕೊಂಡ ನಮ್ಮ ಸ್ವಯಂಸೇವಕರ ಗುಂಪಿನ ಹೊಣೆಯನ್ನು ಈ ಸಲದ ಹುತ್ತರಿ ಸುಗ್ಗಿಹಬ್ಬ ಕಳೆದ ಮೇಲೆ ಕಿರಿಯರಿಗೆ ಒಪ್ಪಿಸಿದೆ. ಶಾಲು ಹೊದಿಸಿ ಹೊಗಳಿದಿರಿ, ಸಂತೋಷ. ಆದರೆ ವೇದಿಕೆಗೆ ಯಾರೂ ಕರೆಯದ ಕೆಲವರ ಋಣ ನನ್ನ ಮೇಲಿದೆ.

ಮೊದಲನೆಯವರು ಪರಿಹಾರ ಕೇಂದ್ರದಲ್ಲಿ ಅಡುಗೆಗೆ ನಿಂತಿದ್ದ ಅಕ್ಕ. ಆಗ ಬೆಂಗಳೂರಿನಿಂದ, ದುಬೈಯಿಂದ ಹೊತ್ತಲ್ಲದ ಹೊತ್ತಿನಲ್ಲಿ ಕರೆ: ‘ಕೇಂದ್ರಕ್ಕೆ ಬಂದವರ ಪಟ್ಟಿಯಲ್ಲಿ ಅಮ್ಮನ ಹೆಸರಿದೆಯೇ ನೋಡಿ.’ ಇಲ್ಲ ಎನ್ನುವ ಕೆಲಸ ನನ್ನದು. ನಿದ್ದೆ ಹಾರಿಹೋಗಿತ್ತು, ಊಟ ಸೇರುತ್ತಿರಲಿಲ್ಲ. ಒಂದು ಸಂಜೆ ಅಕ್ಕ ನನ್ನ ಮೊಬೈಲ್ ಕಿತ್ತು ಸೆರಗಿಗೆ ಕಟ್ಟಿಕೊಂಡರು. ಬೆಲ್ಲದ ಕಾಫಿ ಕೈಗಿಟ್ಟು, ‘ಕುಡಿದು ಮಲಗು ತಮ್ಮಾ, ಕರೆ ಬಂದರೆ ನಾನು ಮಾತಾಡುತ್ತೇನೆ’ ಎಂದರು. (ಕಾಫಿ ಕುಡಿದು ಮಲಗುವುದು ಕೊಡಗಿನವರಿಗೆ ಮಾತ್ರ ಸಾಧ್ಯ.) ಅವರ ಮನೆಯ ಹಿಂದಿನ ಬರೆಯೂ (ಮಣ್ಣಿನ ದಿಬ್ಬ) ಕುಸಿದಿದೆ ಎಂದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ.

ಆಮೇಲೆ ಬಂದ ಆಪ್ತಸಮಾಲೋಚಕಿಗೂ ವಂದನೆ. ಕಂಡದ್ದನ್ನೆಲ್ಲ ಹೇಳಿಬಿಡಿ ಎಂದು ಅವರು ಯಾರನ್ನೂ ಒತ್ತಾಯಿಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2011ರ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದೂ ಅದನ್ನೇ: ನೋಡಿ, ಕೇಳಿಸಿಕೊಳ್ಳಿ, ಬೇಕಾದ ನೆರವು ಸಿಗುವಂತೆ ಮಾಡಿ. ನೆರವು ನೀಡುವವರು ತಮ್ಮನ್ನೂ ನೋಡಿಕೊಳ್ಳಬೇಕು ಎಂಬ ಭಾಗವೂ ಅದರಲ್ಲಿದೆ. ಇಬ್ಬಿಬ್ಬರಾಗಿ ಹೋಗುವುದು, ಜೊತೆಗಾರ ಉಂಡನೇ ಮಲಗಿದನೇ ಎಂದು ವಿಚಾರಿಸುವುದು, ಮಣ್ಣಿನಡಿ ಹುಡುಕಿ ಬಂದವರಿಗೆ ಮರುದಿನ ಕಂಬಳಿ ಹಂಚುವ ಕೆಲಸ ಕೊಡುವುದು, ಇವೆಲ್ಲ ಅವರು ಹಾಕಿಕೊಟ್ಟ ಕ್ರಮ. 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಬೆಟ್ಟ ಕುಸಿದಾಗಲೂ ನಾವು ಅದನ್ನು ಬಿಡಲಿಲ್ಲ.

ನಿವೃತ್ತ ಸುಬೇದಾರ್ ಮಾವನಿಗೆ ನನ್ನ ದೊಡ್ಡ ನಮಸ್ಕಾರ. ಸೇನೆಗೆ ಹೆಸರಾದ ಈ ನಾಡಿನಲ್ಲಿ ಗಂಡಸರ ಬಾಯಲ್ಲಿ ‘ನನ್ನಿಂದ ಆಗುತ್ತಿಲ್ಲ’ ಎಂಬ ಮಾತು ಹೊರಡುವುದು ಅಪರೂಪ. ಅವರು ತುಂಬಿದ ಸಭೆಯಲ್ಲಿ ಎದ್ದು ನಿಂತು, ‘ಶೀಟಿನ ಮೇಲೆ ಮಳೆ ಬಿದ್ದರೆ ಎದೆ ನಡುಗುತ್ತದೆ, ಮಾತ್ರೆ ನುಂಗುತ್ತಿದ್ದೇನೆ’ ಎಂದರು. ಅವರು ಕೂತ ಮೇಲೆ ಬಾಯಿಬಿಟ್ಟ ಹುಡುಗರು ಒಬ್ಬಿಬ್ಬರಲ್ಲ.

ಈಗಿನವರಿಗೆ ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಂಖ್ಯೆಯನ್ನು ಪಾಳಿಯ ಪಟ್ಟಿಯ ತಲೆಯ ಮೇಲೆ ಬರೆದಿಡಿ.

ಹೊಣೆ ಬಿಟ್ಟೆನೆಂದು ನನ್ನ ಹೆಸರನ್ನು ಆ ಪಟ್ಟಿಯಿಂದ ತೆಗೆಯಬೇಡಿ. ಮುಂದಿನ ಕಕ್ಕಡದ ಮಳೆ ತಿಂಗಳಿಗೂ ಬರುತ್ತೇನೆ, ಜೊತೆಗೊಬ್ಬರನ್ನು ಕೊಡಿ. ರಾತ್ರಿ ಪಾಳಿ ಮಾತ್ರ ಬೇಡ, ಹೆಂಡತಿಗೆ ಮಾತು ಕೊಟ್ಟಾಗಿದೆ.