ಬರಲ್ಲ ಅಂತ ಒಂದು ಫೋನ್ ಮಾಡಿ, ಸಾಕು

ಮಾನ್ಯ ಸಂಪಾದಕರೇ,

ಆಫರ್ ಲೆಟರ್‌ಗೆ ಸಹಿ ಹಾಕಿ ಕೊನೇ ಗಳಿಗೆಯಲ್ಲಿ ಕೈಕೊಡುವ ಹುಡುಗರನ್ನು ಎಲ್ಲ ಕಂಪನಿಗಳೂ ಸೇರಿ ಬ್ಲಾಕ್‌ಲಿಸ್ಟ್ ಮಾಡಬೇಕು ಎಂದು ಓದುಗರೊಬ್ಬರು ಈ ಅಂಕಣದಲ್ಲಿ ಬರೆದಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಸಣ್ಣ ಮಷೀನ್ ಶಾಪ್ ಇದೆ. ಹದಿನಾಲ್ಕು ಜನ, ಮೂರು ವಿಎಂಸಿ, ಎರಡು ಸಿಎನ್‌ಸಿ ಲೇತ್. ಎಲ್ಲವೂ ಕಂಪ್ಯೂಟರ್ ಪ್ರೋಗ್ರಾಂ ಹೇಳಿದ ಹಾಗೆ ಲೋಹ ಕಡಿಯುವ ಮಷೀನ್‌ಗಳು. ಕೈಕೊಟ್ಟವರನ್ನು ನಾನೂ ಕಂಡಿದ್ದೇನೆ. ಆದರೂ ಆ ಪತ್ರ ಒಪ್ಪಲು ಮನಸ್ಸಾಗಲಿಲ್ಲ.

ಹೋದ ವರ್ಷದ ಮಾತು. ರಾತ್ರಿ ಶಿಫ್ಟಿಗೆ ಒಬ್ಬ ಪ್ರೋಗ್ರಾಮರ್ ಬೇಕಿತ್ತು. ಬಂದವರಲ್ಲಿ ಇಬ್ಬರು ಚೆನ್ನಾಗಿದ್ದರು. ಒಬ್ಬ ತುಮಕೂರು ಕಡೆಯವನು, ಡಿಪ್ಲೊಮಾ ಮಾಡಿದ್ದ. ಡ್ರಾಯಿಂಗ್ ಕೈಗೆ ಕೊಟ್ಟ ತಕ್ಷಣ ‘ಸರ್, ಈ ಬೋರ್‌ಗೆ ಟಾಲರೆನ್ಸೇ ಬರೆದಿಲ್ವಲ್ಲ’ ಎಂದ. ರಂಧ್ರದ ಅಳತೆ ಎಷ್ಟು ಹೆಚ್ಚುಕಡಿಮೆಯಾದರೆ ನಡೆಯುತ್ತದೆ ಎಂಬುದೇ ಟಾಲರೆನ್ಸ್. ಅಷ್ಟಕ್ಕೇ ನಾನು ಸೋತೆ. ಇನ್ನೊಬ್ಬ ಹಾವೇರಿ ಹುಡುಗ. ಅವನೂ ತೆಗೆದುಹಾಕುವಂಥವನಲ್ಲ. ಮೊದಲನೆಯವನಿಗೆ ಲೆಟರ್ ಕೊಟ್ಟೆ. ‘ಸೋಮವಾರ ಬಂದ್ಬಿಡ್ತೀನಿ ಸರ್’ ಎಂದು ಸಹಿ ಹಾಕಿದ. ಹಾವೇರಿಯವನಿಗೆ ‘ಈ ಸಲ ಆಗಲಿಲ್ಲಪ್ಪ’ ಎಂದೆ.

ಸೋಮವಾರ ಎಂಟೂವರೆಗೆ ಬರಬೇಕಿತ್ತು. ಹತ್ತಾಯಿತು. ಫೋನ್ ರಿಂಗ್ ಆಗಿ ಆಗಿ ಕಟ್ಟಾಯಿತು. ವಾಟ್ಸಾಪ್ ಮೆಸೇಜಿಗೆ ನೀಲಿ ಟಿಕ್ ಬಿತ್ತು, ಉತ್ತರ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸ್ವಿಚ್ ಆಫ್. ಬುಧವಾರ ಹಾವೇರಿ ಹುಡುಗನಿಗೆ ಫೋನ್ ಹಚ್ಚಿದೆ. ‘ಸರ್, ನಿನ್ನೆಯಷ್ಟೇ ಹೊಸೂರಲ್ಲಿ ಸೇರ್ಕೊಂಡೆ. ನಿಮ್ಮದಕ್ಕಿಂತ ಮೂರು ಸಾವಿರ ಕಡಿಮೆ. ಪಿಜಿಗೆ ಅಡ್ವಾನ್ಸ್ ಬೇರೆ ಕೊಟ್ಟಾಯ್ತು’ ಎಂದ. ನನ್ನ ಮಷೀನ್ ಹತ್ತು ರಾತ್ರಿ ಸುಮ್ಮನೆ ನಿಂತಿತು. ಆ ನಷ್ಟ ಹೇಗೋ ತುಂಬಿಕೊಂಡೆ. ಆ ಹುಡುಗನ ಮೂರು ಸಾವಿರವನ್ನು ಯಾರು ತುಂಬಿಕೊಡುತ್ತಾರೆ? ಕಂಪನಿಗೆ ಎಷ್ಟು ನಷ್ಟ, ಕೈಕೊಟ್ಟವನಿಗೆ ಎಷ್ಟು ಲಾಭ ಎಂದೇ ಎಲ್ಲರೂ ಲೆಕ್ಕ ಹಾಕುತ್ತಾರೆ. ‘ಆಗಲಿಲ್ಲಪ್ಪ’ ಅನ್ನಿಸಿಕೊಂಡು ಎದ್ದುಹೋದವನ ನೆನಪು ಯಾರಿಗೂ ಬರುವುದಿಲ್ಲ.

ಸಿಟ್ಟಿನಲ್ಲಿ ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ನಕ್ಕುಬಿಟ್ಟರು. ‘ಬಂದು ಕೆಲಸ ಮಾಡು’ ಎಂದು ಕೋರ್ಟು ಯಾರನ್ನೂ ಎಳೆದು ತರುವುದಿಲ್ಲವಂತೆ. 1872ರ ಕರಾರು ಕಾಯ್ದೆ ಹಿಡಿದು ನಷ್ಟ ಕೇಳಬಹುದು, ಆದರೆ ನಷ್ಟ ಆಗಿದ್ದನ್ನು ನಾನೇ ತೋರಿಸಬೇಕು. ಅದಕ್ಕೆ ಖರ್ಚಾಗುವ ದುಡ್ಡಿನಲ್ಲಿ ಇನ್ನೊಬ್ಬನಿಗೆ ಆರು ತಿಂಗಳ ಸಂಬಳ ಕೊಡಬಹುದು. ಮೂರು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು ಎಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತಲ್ಲ, ಅದನ್ನು ನಮ್ಮ ಏರಿಯಾದ ಮಾಲೀಕರು ಈಗ ಬಾಯಿಪಾಠ ಮಾಡಿಕೊಂಡಿದ್ದಾರೆ. ಆದರೆ ಅದು ಸೇರಿ ಆಮೇಲೆ ಬಿಟ್ಟವರ ಮಾತು, ಅದೂ ಸರ್ಕಾರಿ ಬ್ಯಾಂಕು. ‘ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಸ್ಕೊಂಡು ಬೀರುವಲ್ಲಿಡಿ, ಎಲ್ಲಿಗೂ ಹೋಗಲ್ಲ’ ಎಂದೂ ಒಬ್ಬರು ಸಲಹೆ ಕೊಟ್ಟರು. ಹಾಗೆ ಇಸಿದುಕೊಂಡವರು ನಮ್ಮ ರಸ್ತೆಯಲ್ಲೇ ಇದ್ದಾರೆ. ನನಗೆ ಅದು ಕಳ್ಳತನದ ಹಾಗೇ ಕಾಣುತ್ತದೆ.

ನನ್ನ ಪಾಲುದಾರರು ಹಳೇ ಕಾಲದವರು. ‘ತಾಂಬೂಲ ಬದಲಾಯಿಸಿಕೊಂಡ ಮೇಲೆ ಹುಡುಗ ಓಡಿಹೋದ ಹಾಗಾಯ್ತು’ ಎಂದರು. ಇರಬಹುದು. ಆದರೆ ತಾಂಬೂಲಕ್ಕೆ ಎರಡೂ ಕಡೆಯವರು ಕಟ್ಟುಬೀಳಬೇಕು, ಅಲ್ವಾ? 2023ರ ಫೆಬ್ರುವರಿಯಲ್ಲಿ ವಿಪ್ರೊ ಏನು ಮಾಡಿತು? ವರ್ಷಕ್ಕೆ 6.5 ಲಕ್ಷದ ಆಫರ್ ಹಿಡಿದು ಕಾಯುತ್ತಿದ್ದ ಹೊಸಬರನ್ನು 3.5 ಲಕ್ಷಕ್ಕೆ ಬರ್ತೀರಾ ಎಂದು ಕೇಳಿತು. ಇನ್ಫೊಸಿಸ್‌ನಲ್ಲಿ 2022ರ ಬ್ಯಾಚಿನವರು ಕೆಲಸಕ್ಕೆ ಕರೆ ಬರಲೆಂದು ಎರಡು ವರ್ಷ ಕಾದರು, 2024ರಲ್ಲಿ ಆ ದೂರು ಕೇಂದ್ರ ಕಾರ್ಮಿಕ ಸಚಿವಾಲಯದ ಬಾಗಿಲು ತಟ್ಟಿತು. ಆಗ ಯಾವ ಕಂಪನಿಯನ್ನೂ ಯಾರೂ ಬ್ಲಾಕ್‌ಲಿಸ್ಟ್ ಮಾಡಲಿಲ್ಲ.

ದೊಡ್ಡವರ ಮಾತು ಯಾಕೆ, ನನ್ನದೇ ಹೇಳುತ್ತೇನೆ. 2020ರ ಏಪ್ರಿಲ್ ಒಂದನೇ ತಾರೀಕಿನಿಂದ ಬನ್ನಿ ಎಂದು ಇಬ್ಬರಿಗೆ ಹೇಳಿದ್ದೆ. ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು. ಮೇ ತಿಂಗಳಲ್ಲಿ ಅವರಲ್ಲೊಬ್ಬ ತಾನೇ ಫೋನ್ ಮಾಡಿ ‘ಸರ್, ಬರಲಾ?’ ಎಂದು ಕೇಳುವವರೆಗೆ ನಾನು ಅವರಿಗೆ ಒಂದು ಮಾತೂ ಹೇಳಿರಲಿಲ್ಲ. ಇನ್ನೊಬ್ಬನಿಗೆ ಇವತ್ತಿನವರೆಗೂ ಹೇಳಿಲ್ಲ. ಎರಡು ನಿಮಿಷದ ಕೆಲಸ. ಮುಖ ತಪ್ಪಿಸಿಕೊಂಡೆ, ಅಷ್ಟೇ. ತುಮಕೂರಿನ ಹುಡುಗ ಮಾಡಿದ್ದೂ ಅದನ್ನೇ.

ನನ್ನ ಮಗಳದ್ದೂ ಒಂದು ಕಥೆ ಇದೆ. ಕ್ಯಾಂಪಸ್‌ನಲ್ಲಿ ಆದ ಸೆಲೆಕ್ಷನ್, ಕಂಪನಿಯ ಹೆಸರು ಬೇಡ. ಹದಿನಾಲ್ಕು ತಿಂಗಳು ಕರೆಯಲೇ ಇಲ್ಲ. ಕೇಳಿದಾಗೆಲ್ಲ ‘ಬಿಸಿನೆಸ್ ಅಗತ್ಯ ನೋಡಿಕೊಂಡು ತಿಳಿಸುತ್ತೇವೆ’ ಎಂದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮೇಲ್. ಕಾದು ಸಾಕಾಗಿ ರಾಜಾಜಿನಗರದ ಒಂದು ಸಣ್ಣ ಆಫೀಸಿಗೆ ಒಪ್ಪಿಕೊಂಡಳು. ಸೇರಲು ನಾಲ್ಕು ದಿನ ಇದೆ ಎನ್ನುವಾಗ ದೊಡ್ಡ ಕಂಪನಿಯಿಂದ ಮೇಲ್ ಬಂತು, ಹತ್ತು ದಿನದಲ್ಲಿ ಹೈದರಾಬಾದಿಗೆ ಬಾ ಎಂದು. ನನ್ನ ಹೆಂಡತಿಗೆ ಖುಷಿಯೋ ಖುಷಿ. ಆ ಸಣ್ಣ ಆಫೀಸಿನವರಿಗೆ ಒಂದು ಮೇಲ್ ಹಾಕಿ ಹೊರಟುಬಿಡು ಎಂದಳು. ಮಗಳು ನನ್ನ ಮುಖ ನೋಡಿದಳು. ಊರಿಗೆಲ್ಲ ನ್ಯಾಯ ಹೇಳುವ ನನಗೆ ಬಾಯಿ ಬರಲಿಲ್ಲ. ‘ಹೋಗೋದಾದರೆ ಹೋಗು, ಆದರೆ ಈಗಲೇ ಫೋನ್ ಮಾಡಿ ಹೇಳು’ ಎಂದಷ್ಟೇ ಹೇಳಿದೆ. ಅಳುತ್ತಲೇ ಮಾಡಿದಳು. ಆ ಕಡೆಯವರು ಸ್ವಲ್ಪ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ, ‘ಬೈಯ್ಯಲ್ಲಮ್ಮ. ನಿನ್ನ ಜೊತೆ ಓದಿದವರು ಯಾರಾದ್ರೂ ಕೆಲಸ ಹುಡುಕ್ತಿದ್ದಾರಾ?’ ಎಂದು ಕೇಳಿದರು. ಎರಡು ನಂಬರ್ ಕೊಟ್ಟಳು. ತಗೊಂಡರೋ ಇಲ್ಲವೋ ಗೊತ್ತಿಲ್ಲ.

ಹುಡುಗರು ಫೋನ್ ಮಾಡದಿರುವುದಕ್ಕೆ ನಮ್ಮ ಬೈಗುಳವೂ ಒಂದು ಕಾರಣ. ಐಟಿಯಲ್ಲಿ ಇನ್ನೊಂದು ಕಾರಣ ಇದೆ, ರಾಜೀನಾಮೆ ಕೊಟ್ಟ ಮೇಲೂ ಹಳೇ ಕಂಪನಿಯಲ್ಲೇ ದುಡಿಯಬೇಕಾದ ತೊಂಬತ್ತು ದಿನದ ನೋಟಿಸ್ ಪಿರಿಯಡ್. ಮೂರು ತಿಂಗಳು ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ. ಆ ತೊಂಬತ್ತು ದಿನವೂ ‘ಎಷ್ಟು ಕೊಡ್ತಿದ್ದಾರೆ, ನಾವು ಜಾಸ್ತಿ ಕೊಡ್ತೀವಿ’ ಎಂದು ಕರೆ ಬರುತ್ತಲೇ ಇರುತ್ತದೆ. ಕರೆ ಮಾಡುವವರು ಬೇರೆ ಕಂಪನಿಯ ಎಚ್‌ಆರ್‌ಗಳೇ ತಾನೇ? ಇಪ್ಪತ್ತನಾಲ್ಕು ವರ್ಷದವನಿಗೆ ಆಸೆ ಹುಟ್ಟಿಸಿ, ಅವನು ಹೋದ ಮೇಲೆ ನೀತಿ ಇಲ್ಲ ಅನ್ನುವುದು ಯಾವ ನ್ಯಾಯ?

ನಮ್ಮಲ್ಲಿ ಈಗ ಲೆಟರ್‌ನ ಕೆಳಗೆ ನನ್ನ ಮೊಬೈಲ್ ನಂಬರ್ ಹಾಕಿ, ‘ಬರುವುದಿಲ್ಲ ಎಂದಾದರೆ ಈ ನಂಬರಿಗೆ ತಿಳಿಸಿ, ಕಾರಣ ಕೇಳುವುದಿಲ್ಲ’ ಎಂದು ಬರೆಸಿದ್ದೇನೆ. ಎರಡನೇ ಸ್ಥಾನದಲ್ಲಿರುವವರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ: ‘ಮೊದಲನೆಯವನು ಸೋಮವಾರ ಬರದಿದ್ದರೆ ಅವತ್ತೇ ನಿನಗೆ ಫೋನ್ ಮಾಡ್ತೀನಿ. ಅಷ್ಟರಲ್ಲಿ ಬೇರೆ ಸಿಕ್ಕಿದರೆ ಧಾರಾಳವಾಗಿ ಹೋಗಪ್ಪ.’ ಹೋದ ತಿಂಗಳು ಶನಿವಾರ ರಾತ್ರಿ ಹನ್ನೊಂದು ಗಂಟೆಗೆ ಒಂದು ಮೆಸೇಜ್ ಬಂತು. ‘ಸರ್ ಬರಕ್ಕಾಗಲ್ಲ, ಸಾರಿ.’ ಓದಿ ಬೇಜಾರಾಯಿತು, ಸುಳ್ಳು ಹೇಳಲ್ಲ. ‘ಆಯ್ತಪ್ಪ, ಒಳ್ಳೇದಾಗ್ಲಿ’ ಎಂದು ಬರೆದು ಮಲಗಿದೆ. ಭಾನುವಾರ ತಿಂಡಿಗೆ ಮುಂಚೆಯೇ ಎರಡನೆಯವನಿಗೆ ಫೋನ್ ಮಾಡಿದೆ.

ಇಂತಿ,
ಸಣ್ಣ ಕಾರ್ಖಾನೆಯೊಂದರ ಮಾಲೀಕ
ಪೀಣ್ಯ, ಬೆಂಗಳೂರು