ಅಂಚೆಯಲ್ಲಿ ಅಲೆದ ಬುಡಕಟ್ಟುಗಳು

ಮಾನ್ಯ ಸಂಪಾದಕರೇ,

ದೂರದೂರದ ಆಟಗಾರರು ಒಂದೇ ಕಣದಲ್ಲಿ ಸೆಣಸುವ ತಂತ್ರದಾಟಗಳನ್ನು ಅಂತರ್ಜಾಲದ ಕೊಡುಗೆಯೆಂದೇ ಬರೆಯುವುದು ಪತ್ರಿಕೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಇದು ತಪ್ಪು. ಲಂಡನ್ ಮತ್ತು ಎಡಿನ್‌ಬರೊ ಕ್ಲಬ್‌ಗಳು 1824ರಿಂದ 1828ರವರೆಗೆ ಪತ್ರಗಳ ಮೂಲಕವೇ ಚದುರಂಗವಾಡಿದ್ದವು; 1963ರಲ್ಲಿ, ಮೈತ್ರಿ-ಸಂಧಾನಗಳೇ ಮುಖ್ಯವಾದ ‘ಡಿಪ್ಲೊಮಸಿ’ ಎಂಬ ಹಲಗೆಯಾಟ ಅಂಚೆಯ ದಾರಿ ಹಿಡಿಯಿತು; 1970ರಲ್ಲಿ ಅಮೆರಿಕದ ರಿಕ್ ಲೂಮಿಸ್ ‘ನ್ಯೂಕ್ಲಿಯರ್ ಡಿಸ್ಟ್ರಕ್ಷನ್’ ಆಟದೊಂದಿಗೆ ಅಂಚೆಯ ಆಟವನ್ನೇ ಒಂದು ವ್ಯವಹಾರವಾಗಿ ಬೆಳೆಸತೊಡಗಿದರು.

ಈ ಪರಂಪರೆಯಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು, ಮಧ್ಯಯುಗದ ಅಲೆಮಾರಿ ಬುಡಕಟ್ಟೊಂದನ್ನು ನಡೆಸುವ ಬಗೆಯ ಆಟ. ಆಟಗಾರನು ತನ್ನ ಜನರಲ್ಲಿ ಎಷ್ಟು ಮಂದಿ ಕುರಿ ಕಾಯಬೇಕು, ಎಷ್ಟು ಮಂದಿ ಬೇಟೆಗೆ ಹೋಗಬೇಕು, ಎಷ್ಟು ಮಂದಿ ಆಯುಧ ಹಿಡಿಯಬೇಕು ಎಂದು ಹಂಚಿ, ಷಟ್ಕೋನದ ಮನೆಗಳಿರುವ ನಕ್ಷೆಯಲ್ಲಿ ಯಾವ ದಿಕ್ಕಿಗೆ ನಡೆಯಬೇಕೆಂಬುದನ್ನು ಆದೇಶಪತ್ರದಲ್ಲಿ ಬರೆದು, ಗಡುವಿನೊಳಗೆ ತಲುಪುವಂತೆ ಕಳುಹಿಸಬೇಕು. ಆಟ ನಡೆಸುವವರು ಎಲ್ಲರ ಆದೇಶಗಳನ್ನೂ ಒಟ್ಟಿಗೆ ಜಾರಿಗೆ ತಂದು ಫಲಿತಾಂಶ ಕಳುಹಿಸುತ್ತಾರೆ. ಗೂಢಚಾರರು ನೋಡಿ ಬಂದಷ್ಟೇ ನಾಡು ನಕ್ಷೆಯಲ್ಲಿ ಮೂಡುತ್ತದೆ. ಅದರಾಚೆಗಿರುವುದು ಹುಲ್ಲುಗಾವಲೋ ಶತ್ರುವಿನ ಪಾಳೆಯವೋ, ಮುಂದಿನ ಲಕೋಟೆ ಒಡೆಯುವವರೆಗೆ ತಿಳಿಯದು.

ಒಮ್ಮೆ ನಾನು ಈಶಾನ್ಯವೆಂದು ಬರೆಯಬೇಕಾದಲ್ಲಿ ವಾಯವ್ಯವೆಂದು ಬರೆದು, ಮೇವಿಲ್ಲದ ಬೆಟ್ಟಗಳಿಗೆ ಇಡೀ ಮಂದೆಯನ್ನು ಅಟ್ಟಿದ್ದೆ. ಕಂಪ್ಯೂಟರ್ ಆಟದಲ್ಲಾದರೆ ಹಿಂದಿನ ಹಂತಕ್ಕೆ ಮರಳಬಹುದಿತ್ತು. ಇಲ್ಲಿ ಸತ್ತ ಕುರಿಗಳ ಲೆಕ್ಕ ಅಂಚೆಯಲ್ಲಿ ಬಂತು, ಅಷ್ಟೆ. ಅಂಥ ಆಟದಲ್ಲಿ ಯುದ್ಧಕ್ಕಿಂತ ಮೇವು, ಉಪ್ಪು, ಚಳಿಗಾಲದ ದಾಸ್ತಾನುಗಳೇ ಬುಡಕಟ್ಟಿನ ಹಣೆಬರಹ ನಿರ್ಧರಿಸುತ್ತವೆಂಬುದು ನನಗೆ ಆಗಲೇ ಮನದಟ್ಟಾದದ್ದು.

ಇಂಥ ಆಟಗಳು ನಿಧಾನವೆಂಬುದು ಸಾಮಾನ್ಯ ಆಕ್ಷೇಪ. ನಿಜ, ಸರದಿಯಿಂದ ಸರದಿಗೆ ವಾರಗಳೇ ಕಳೆಯುತ್ತವೆ. ಆದರೆ ನೆರೆಯ ನಾಯಕನಿಗೆ ಖಾಸಗಿ ಪತ್ರ ಬರೆಯುವುದು, ಕುದುರೆಗೆ ಬದಲಾಗಿ ಧಾನ್ಯ ಕೇಳುವುದು, ಅವನ ಮಾತನ್ನು ಎಷ್ಟು ನಂಬಬಹುದೆಂದು ತೂಗುವುದು ಎಲ್ಲವೂ ಆ ಬಿಡುವಿನಲ್ಲೇ ನಡೆಯುತ್ತವೆ. ಇ-ಮೇಲ್ ಬಂದಮೇಲೆ ಲಕೋಟೆ ಹೋಯಿತು, ಎಷ್ಟೋ ಆಟಗಳಲ್ಲಿ ಗಡುವು ಮಾತ್ರ ಉಳಿಯಿತು. ಉಳಿಸಿಕೊಂಡವರು ಜಾಣರೆಂದೇ ನನ್ನ ಅಭಿಪ್ರಾಯ.

ಆದ್ದರಿಂದ ಆಟಗಳ ಇತಿಹಾಸ ಕುರಿತ ಲೇಖನಗಳನ್ನು ಇನ್ನುಮುಂದೆ ಪ್ರಕಟಿಸುವಾಗ, ಅಂಚೆಯ ಆಟಗಳಿಗೂ ಒಂದಿಷ್ಟು ಜಾಗ ಕೊಡಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗ